ರೀಲ್ ಟೇಪಲ್ಲಿ ಬರೋ ಜಾಝ್ ಟ್ರಿಬ್ಯೂಟ್ ಆಲ್ಬಂಗೆ ಅಷ್ಟೊಂದು ದುಡ್ಡು ಯಾಕೆ?

ಪ್ರಶ್ನೆ: ಅಮೆರಿಕದ ಜಾಝ್ ಪಿಯಾನಿಸ್ಟ್ ಬಿಲ್ ಎವಾನ್ಸ್‌ಗೆ ಟ್ರಿಬ್ಯೂಟ್ ಅಂತ ಪಿಯಾನೋ ಟ್ರಿಯೋ ಆಲ್ಬಂ ರೀಲ್ ಟೇಪಲ್ಲಿ ಮಾರ್ತಾರಲ್ಲ ಸಾರ್, ಮೂವತ್ತು ನಲವತ್ತು ಸಾವಿರ ಹೇಳ್ತಾರೆ. ಅಂಥದ್ದೇ ಆಲ್ಬಂ ಫೋನಲ್ಲಿ ತಿಂಗಳ ಚಂದಾಗೆ ಕೇಳ್ಬಹುದು. ಟೇಪಲ್ಲಿ ಅಂಥದ್ದೇನಿದೆ? ತಗೋಬಹುದಾ?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ, ಕೇಳೋ ಧಾಟೀಲೇ "ಇದೆಲ್ಲ ಬೋಗಸ್ ಅಲ್ವಾ" ಅನ್ನೋದೂ ಸೇರಿರುತ್ತೆ. ಪೂರ್ತಿ ಬೋಗಸ್ ಅಲ್ಲ. ಆದ್ರೆ ಎಲ್ಲಾ ಟೇಪಿಗೂ ಆ ಬೆಲೆ ಕೊಡಬೇಕಾಗಿಲ್ಲ.

ಮೊದಲು ದುಡ್ಡು ಎಲ್ಲಿಗೆ ಹೋಗುತ್ತೆ ನೋಡೋಣ. ಎಲ್‌ಪಿ ಆದ್ರೆ ಒಂದು ಸಲ ಅಚ್ಚು (ಸ್ಟ್ಯಾಂಪರ್) ಮಾಡ್ಕೊಂಡು ಪ್ರೆಸ್‌ನಲ್ಲಿ ಒತ್ತಿದ್ರೆ ನಿಮಿಷದೊಳಗೆ ಒಂದು ಡಿಸ್ಕ್ ರೆಡಿ. ಈ ಟೇಪು ಹಾಗಲ್ಲ, ಒಂದು ಮಷಿನ್‌ನಲ್ಲಿ ಮಾಸ್ಟರ್, ಅಂದ್ರೆ ಮೂಲ ಟೇಪು, ಓಡಬೇಕು, ಪಕ್ಕದ ಮಷಿನ್‌ಗಳಲ್ಲಿ ಖಾಲಿ ಟೇಪು ಅದೇ ಸ್ಪೀಡಲ್ಲಿ ಓಡಬೇಕು, ನಲವತ್ತು ನಿಮಿಷದ ಆಲ್ಬಂಗೆ ನಲವತ್ತು ನಿಮಿಷವೂ ಒಬ್ಬ ಎಂಜಿನಿಯರ್ ಮುಂದೆ ಕೂತಿರಬೇಕು. ಸ್ಪೀಡು ಸೆಕೆಂಡಿಗೆ 15 ಇಂಚು, ಅಂದ್ರೆ ಸುಮಾರು 38 ಸೆಂಟಿಮೀಟರ್. ಹತ್ತೂವರೆ ಇಂಚಿನ ರೀಲಲ್ಲಿ 2,500 ಅಡಿ ಟೇಪ್ ಸುತ್ತಿರ್ತಾರೆ, ಈ ಸ್ಪೀಡಲ್ಲಿ ಅದು 33 ನಿಮಿಷಕ್ಕೆ ಮುಗಿದೋಗುತ್ತೆ. ಹಾಗಾಗಿ ಸಾಧಾರಣ ಉದ್ದದ ಆಲ್ಬಂಗೂ ಎರಡು ರೀಲ್ ಬೇಕು. ಖಾಲಿ ರೀಲೇ ಒಂದೊಂದಕ್ಕೆ ಸಾವಿರಾರು ರೂಪಾಯಿ, ಇವತ್ತು ಇಂಥ ಟೇಪ್ ಮಾಡೋ ಕಂಪನಿಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು, ಅದರಲ್ಲಿ ಒಂದು ಫ್ರಾನ್ಸಲ್ಲಿ, ಇನ್ನೊಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿಂದ ಇಲ್ಲಿಗೆ ತರಿಸೋ ಖರ್ಚು, ಕಸ್ಟಮ್ಸು ಬೇರೆ.

ಸರಿ, ಅಷ್ಟೆಲ್ಲ ಕಷ್ಟಪಟ್ಟು ಸಿಗೋದೇನು? ಇದಕ್ಕೆ ಬಿಲ್ ಎವಾನ್ಸ್‌ಗಿಂತ ಒಳ್ಳೆ ಉದಾಹರಣೆ ನಂಗೆ ಗೊತ್ತಿಲ್ಲ.

1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜಲ್ಲಿರೋ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆ ಕ್ಲಬ್ಬು. ಪಿಯಾನೋದಲ್ಲಿ ಎವಾನ್ಸ್, ಡಬಲ್ ಬೇಸ್ ಅನ್ನೋ ದೊಡ್ಡ ತಂತಿವಾದ್ಯದಲ್ಲಿ ಸ್ಕಾಟ್ ಲಫಾರೋ, ಡ್ರಮ್ಸಲ್ಲಿ ಪಾಲ್ ಮೋಷಿಯನ್, ಮಧ್ಯಾಹ್ನ ಎರಡು ಸೆಟ್ಟು ಸಂಜೆ ಮೂರು ಸೆಟ್ಟು ನುಡಿಸಿದ್ರು. ರಿವರ್‌ಸೈಡ್ ಕಂಪನಿಯ ಪ್ರೊಡ್ಯೂಸರ್ ಆರಿನ್ ಕೀಪ್‌ನ್ಯೂಸ್, ಎಂಜಿನಿಯರ್ ಡೇವ್ ಜೋನ್ಸ್, ಕೈಲಿ ಒಂದು ಪೋರ್ಟಬಲ್ ಆಂಪೆಕ್ಸ್ ಟೇಪ್ ಮಷಿನ್. ಆಮೇಲೆ ಸ್ಟುಡಿಯೋಗೆ ಹೋಗಿ ಇಪ್ಪತ್ತು ಟ್ರ್ಯಾಕ್ ಮಿಕ್ಸ್ ಮಾಡೋ ಕಥೆಯೇ ಇಲ್ಲ, ಅಲ್ಲೇ ನುಡಿಸಿದ್ದು ಅಲ್ಲೇ ಸ್ಟೀರಿಯೋ ಟೇಪಿಗೆ ಇಳೀತು. ಗ್ಲಾಸು ತಾಗೋ ಶಬ್ದ, ಟೇಬಲ್ಲಲ್ಲಿ ಕೂತವರ ಮಾತು ನಗು ಎಲ್ಲಾ ಒಳಗಿದೆ. ಮೊದಲನೇ ಟ್ಯೂನು ‘ಗ್ಲೋರಿಯಾಸ್ ಸ್ಟೆಪ್’ ನುಡಿಸ್ತಿರುವಾಗ ಕರೆಂಟ್ ಕೈಕೊಟ್ಟು ರೆಕಾರ್ಡಿಂಗ್ ಮಧ್ಯದಲ್ಲೇ ಕಟ್ಟಾಗಿದೆ, 2005ರ ಪೂರ್ತಿ ಸೆಟ್ಟಲ್ಲಿ ಅದನ್ನೂ ಹಾಗೇ ಕೇಳ್ಬಹುದು (ಬರೀ ಬೆಸ್ಕಾಂ ಬೈಯೋರು ಗಮನಿಸಿ).

ಹನ್ನೊಂದು ದಿನಕ್ಕೆ, ಜುಲೈ 6ಕ್ಕೆ, ಲಫಾರೋ ಕಾರ್ ಆಕ್ಸಿಡೆಂಟಲ್ಲಿ ತೀರ್ಕೊಂಡ್ರು. ಇನ್ನೂ 25 ವರ್ಷ. ಆ ಟೇಪುಗಳಿಂದ ಮೊದಲು ಹೊರಗೆ ಬಂದ ಆಲ್ಬಂ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’, ಅದನ್ನ ಲಫಾರೋ ನೆನಪಿಗೆ ಅಂತಲೇ ಜೋಡಿಸಿದ್ದು. ಶುರುವಾಗೋದು ಅವರೇ ಬರೆದ ‘ಗ್ಲೋರಿಯಾಸ್ ಸ್ಟೆಪ್’ನಿಂದ, ಮುಗಿಯೋದು ಅವರದ್ದೇ ‘ಜೇಡ್ ವಿಷನ್ಸ್’ನಿಂದ, ನಡುವೆ ಆರಿಸಿದ್ದೂ ಬೇಸ್ ಎದ್ದು ಕೇಳೋ ಟೇಕುಗಳನ್ನೇ. ಇವತ್ತು ಎವಾನ್ಸ್‌ಗೆ ಟ್ರಿಬ್ಯೂಟ್ ಮಾಡೋ ಟ್ರಿಯೋಗಳೆಲ್ಲ ನೆನೆಸ್ಕೊಳೋ ಆಲ್ಬಂ ಇದೆಯಲ್ಲ, ಅದೇ ಒಂದು ಟ್ರಿಬ್ಯೂಟ್ ಆಲ್ಬಂ. ಅವತ್ತಿನ ಟೇಪಿಂದಲೇ ಬಂದ ‘ವಾಲ್ಟ್ಸ್ ಫಾರ್ ಡೆಬಿ’ಯನ್ನ ಟೇಪ್ ಪ್ರಾಜೆಕ್ಟ್ ಅನ್ನೋ ಅಮೆರಿಕದ ಸಂಸ್ಥೆ 15 ಇಂಚಿನ ಸ್ಪೀಡಲ್ಲಿ ರೀಲ್ ಟೇಪಿಗೆ ತಂದಿತ್ತು, ಈಗಿನ ಈ ಟೇಪ್ ಹುಚ್ಚಿಗೆ ದಾರಿ ಮಾಡ್ಕೊಟ್ಟವರಲ್ಲಿ ಅವರೂ ಒಬ್ಬರು.

ಇಲ್ಲಿ ಲೆಕ್ಕಕ್ಕೆ ಬರೋದು ಜನರೇಷನ್. ಟೇಪಿಂದ ಟೇಪಿಗೆ ಒಂದೊಂದು ಸಲ ಕಾಪಿ ಆದಾಗ್ಲೂ ಹಿಸ್ (ಹಿಂದೆ ಸುಯ್ ಅನ್ನೋ ಸದ್ದು) ಏರುತ್ತೆ, ಬ್ರಷ್ಷಿಂದ ಸ್ನೇರ್ ಡ್ರಮ್ ಮೇಲೆ ಸವರೋ ಸೂಕ್ಷ್ಮ ಎಲ್ಲ ಮಸುಕಾಗ್ತಾ ಬರುತ್ತೆ, ಜೆರಾಕ್ಸ್ ಕಾಪೀನ ಮತ್ತೆ ಜೆರಾಕ್ಸ್ ಮಾಡಿದ ಹಾಗೆ. ಮಾಸ್ಟರಿಂದ ಒಂದೇ ಹೆಜ್ಜೆ ದೂರ ಇರೋ ಟೇಪಿಗೂ ನಾಲ್ಕು ಹೆಜ್ಜೆ ದೂರ ಇರೋದಕ್ಕೂ ವ್ಯತ್ಯಾಸ ಒಳ್ಳೆ ಸಿಸ್ಟಮ್ ಇದ್ರೆ ಯಾರಿಗಾದ್ರೂ ಕೇಳುತ್ತೆ. ಆ ಹತ್ತಿರಕ್ಕೇ ದೊಡ್ಡ ಬೆಲೆ.

ಈಗ ಹೊಸ ಟ್ರಿಬ್ಯೂಟ್ ಆಲ್ಬಂಗಳ ವಿಷಯಕ್ಕೆ ಬನ್ನಿ, ಜನ ಮೋಸ ಹೋಗೋದು ಇಲ್ಲೇ. ಇವತ್ತು ಮೂರು ಜನ ಸ್ಟುಡಿಯೋದಲ್ಲಿ ಕೂತು ಎವಾನ್ಸ್ ಟ್ಯೂನ್ ನುಡಿಸಿದ್ದು ನೇರ ಟೇಪಿಗೆ ಹೋಯ್ತಾ, ಇಲ್ಲ ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಆಗಿ ಎಡಿಟ್ ಆಗಿ ಕೊನೇಲಿ ಟೇಪಿಗೆ ಸುರುವಿದ್ದಾ? ಎರಡನೇದಾದ್ರೆ ಟೇಪು ಸೇರಿಸಿರೋದು ಸ್ವಲ್ಪ ಹಿಸ್ಸು, ಸ್ವಲ್ಪ ಬೆಚ್ಚಗಿನ ಬಣ್ಣ, ಅಷ್ಟೇ. ಅದು ಕಿವಿಗೆ ಹಿತವಾಗೇ ಇರಬಹುದು, ಆದ್ರೆ ಮೂಲ ಡಿಜಿಟಲ್ ಫೈಲ್ ಅದಕ್ಕಿಂತ ಮಾಸ್ಟರ್‌ಗೆ ಹತ್ರ, ರೇಟೂ ಕಮ್ಮಿ. ಕವರ್ ಮೇಲೆ ‘ಮಾಸ್ಟರ್ ಕಾಪಿ’ ಅಂತ ಚಿನ್ನದಕ್ಷರದಲ್ಲಿ ಇದ್ರೆ ಸಾಲದು, ಯಾವುದರ ಕಾಪಿ, ಮೂಲ ಯಾವುದ್ರ ಮೇಲೆ ರೆಕಾರ್ಡ್ ಆಯ್ತು, ಮಧ್ಯೆ ಎಷ್ಟು ಟೇಪ್ ಬಂತು, ಈ ಮೂರು ಕೇಳಿ. ನೆಟ್ಟಗೆ ಉತ್ತರ ಕೊಡದವರ ಹತ್ರ ನಾನಂತೂ ತಗೊಳಲ್ಲ.

ಇನ್ನೊಂದು, ಎಲ್ಲಾ ಒಳ್ಳೆ ಟ್ರಿಬ್ಯೂಟೂ ಟೇಪಲ್ಲೇ ಬರ್ಬೇಕು ಅಂತೇನಿಲ್ಲ. 2010ರಲ್ಲಿ ಪಿಯಾನಿಸ್ಟ್ ಚಿಕ್ ಕೊರಿಯಾ ಅವರು ಎವಾನ್ಸ್ ಜೊತೆ ಬೇಸ್ ನುಡಿಸಿದ್ದ ಎಡ್ಡಿ ಗೋಮೆಝ್ ಮತ್ತೆ ಇದೇ ಪಾಲ್ ಮೋಷಿಯನ್‌ನ ಕರ್ಕೊಂಡು ನ್ಯೂಯಾರ್ಕಿನ ಬ್ಲೂ ನೋಟ್ ಕ್ಲಬ್ಬಲ್ಲಿ ನುಡಿಸಿದ್ದು ‘ಫರ್ದರ್ ಎಕ್ಸ್‌ಪ್ಲೊರೇಷನ್ಸ್’ ಅಂತ ಎರಡು ಸಿಡೀಲಿ ಬಂತು, ನನ್ನ ಕೇಳಿದ್ರೆ ದುಡ್ಡು ಖರ್ಚು ಮಾಡೋಕೆ ಮುಂಚೆ ಅದನ್ನ ಕೇಳಿ.

ಅಳತೆಯಲ್ಲಿ ಯಾವುದು ಮೇಲು ಅಂತ ಕೇಳಿದ್ರೆ ಡಿಜಿಟಲ್ಲೇ ಗೆಲ್ಲೋದು, ಅದ್ರಲ್ಲಿ ಡೌಟಿಲ್ಲ. ಸಿಡಿಗೆ 96 ಡೆಸಿಬೆಲ್ ರೇಂಜ್ (ತೀರಾ ಮೆಲ್ಲಗಿನ ಸದ್ದಿಗೂ ತೀರಾ ಜೋರಿನದಕ್ಕೂ ಇರೋ ಅಂತರ) ಇದ್ರೆ ಒಳ್ಳೆ ಟೇಪಿಗೆ 65-70. ಪಿಯಾನೋ ಅಂತೂ ಟೇಪಿನ ಹುಳುಕನ್ನ ಬೇಗ ತೋರಿಸ್ಬಿಡುತ್ತೆ, ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಒತ್ತಿ ಹಿಡಿದಾಗ ಸ್ವರ ಅಲುಗಾಡ್ದೆ ನಿಲ್ಲಬೇಕು, ಮಷಿನ್ ಸ್ಪೀಡು ಒಂಚೂರು ಏರುಪೇರಾದ್ರೂ ಸ್ವರ ನಡುಗುತ್ತೆ. ಗಿಟಾರಲ್ಲೋ ಹಾಡಲ್ಲೋ ಆದ್ರೆ ಅದು ಮುಚ್ಚಿಹೋಗ್ಬಹುದು, ಪಿಯಾನೋದಲ್ಲಿ ಆಗಲ್ಲ.

ಅಂದ್ಮೇಲೆ ನಿಮ್ಮತ್ರ ಯಾವ ಮಷಿನ್ ಇದೆ ಅನ್ನೋದೇ ದೊಡ್ಡ ಪ್ರಶ್ನೆ. "ಮನೇಲಿ ತಾತನ ಸ್ಪೂಲ್ ರೆಕಾರ್ಡರ್ ಇದೆ, ಅದರಲ್ಲಿ ಕಚೇರಿ ಎಲ್ಲ ರೆಕಾರ್ಡ್ ಮಾಡ್ತಿದ್ರು" ಅಂತಾರೆ. ಖುಷಿ. ಆದ್ರೆ ಮನೆಬಳಕೆಯ ಸ್ಪೂಲ್ ಮಷಿನ್‌ಗಳು ಹೆಚ್ಚಾಗಿ ಏಳು ಇಂಚಿನ ರೀಲ್‌ವರೆಗೆ ಮಾತ್ರ ಹಿಡಿಯೋದು, ಸ್ಪೀಡು ಏಳೂವರೆ ಇಂಚಿಗೆ ನಿಂತೋಗುತ್ತೆ, ಹತ್ತೂವರೆ ಇಂಚಿನ ರೀಲು ಅದರ ಮೇಲೆ ಕೂರೋದೇ ಇಲ್ಲ. ರೆವಾಕ್ಸ್ ಬಿ77 ಅಂತ ಸೆಕೆಂಡ್ ಹ್ಯಾಂಡಲ್ಲಿ ಬರೋದ್ರಲ್ಲೂ ಎಷ್ಟೋ ಕ್ವಾರ್ಟರ್ ಟ್ರ್ಯಾಕು (ಎಡಕ್ಕೂ ಬಲಕ್ಕೂ ಟೇಪಿನ ಅಗಲದಲ್ಲಿ ಸುಮಾರು ಕಾಲು ಕಾಲು ಭಾಗ), ಕಮ್ಮಿ ಸ್ಪೀಡಿಂದು. ಈ ಟೇಪುಗಳು ಹಾಫ್ ಟ್ರ್ಯಾಕು (ಸುಮಾರು ಅರ್ಧ ಅರ್ಧ). ಕ್ವಾರ್ಟರ್ ಹೆಡ್ಡಲ್ಲಿ ಶಬ್ದ ಬರುತ್ತೆ, ಆದ್ರೆ ಟ್ರ್ಯಾಕಿನ ಅಗಲದಲ್ಲಿ ಅರ್ಧದಷ್ಟನ್ನೇ ಓದೋದು, ಕೊಟ್ಟ ದುಡ್ಡಲ್ಲಿ ಅರ್ಧ ಅಲ್ಲೇ ಹೋಯ್ತು.

ಆಮೇಲೆ ಈಕ್ವಲೈಝೇಷನ್, ಅಂದ್ರೆ ರೆಕಾರ್ಡ್ ಮಾಡುವಾಗ ಮೇಲಿನ ಕೆಳಗಿನ ಸ್ವರಗಳ ಮಟ್ಟ ಬದಲಿಸಿ, ಕೇಳುವಾಗ ಅದನ್ನ ವಾಪಸ್ ಸರಿ ಮಾಡೋ ಲೆಕ್ಕ. ಸಿಸಿಐಆರ್ ಅಂತ ಒಂದು, ನ್ಯಾಬ್ ಅಂತ ಒಂದು. ಈಗಿನ ಟೇಪು ಹೆಚ್ಚಾಗಿ ಸಿಸಿಐಆರ್, ಅಮೆರಿಕದ ಹಳೇ ಮಷಿನ್ ಹೆಚ್ಚಾಗಿ ನ್ಯಾಬ್. ಸಿಸಿಐಆರ್ ಟೇಪನ್ನ ನ್ಯಾಬ್ ಸೆಟ್ಟಿಂಗಲ್ಲಿ ಹಾಕಿದ್ರೆ ಡ್ರಮ್ಸಿನ ಸಿಂಬಲ್ (ತಾಳದ ತಟ್ಟೆ) ಸುಮಾರು ಮೂರು ಡೆಸಿಬೆಲ್ ಮೇಲೆದ್ದು ಚುರ್ ಅನ್ನುತ್ತೆ, ತೀರಾ ಕೆಳಗಿನ ಬೇಸ್ ತೆಳ್ಳಗಾಗುತ್ತೆ. ಲಫಾರೋ ನೆನಪಿಗೆ ಮಾಡಿದ ಆಲ್ಬಂನಲ್ಲಿ ಬೇಸೇ ತೆಳ್ಳಗಾದ್ರೆ ಇನ್ನೇನು ಕೇಳೋದು.

ಹಾಗಾಗಿ ನಂದು ಇಷ್ಟು: 15 ಇಂಚಿನ ಹಾಫ್ ಟ್ರ್ಯಾಕ್ ಮಷಿನ್ ಆಗ್ಲೇ ಇದ್ದು, ಅದನ್ನ ಅಲೈನ್ ಮಾಡೋ ಮೆಕ್ಯಾನಿಕ್ ಕೈಗೆ ಸಿಗೋ ಹಾಗಿದ್ದು, ಟೇಪು ನೇರ ಅನಲಾಗಿಂದ ಬಂದಿದ್ರೆ ತಗೊಳ್ಳಿ. ಇಲ್ಲಾಂದ್ರೆ ಒಂದು ಆಲ್ಬಂಗೋಸ್ಕರ ಮಷಿನ್ ಹುಡುಕ್ಕೊಂಡು ಹೋಗ್ಬೇಡಿ, ಅದು ಲಕ್ಷಗಳ ಬಾವಿ.

ತಗೊಂಡ್ರೆ ಒಂದು ಮಾತು. ಇಂಥ ಟೇಪನ್ನ ಕೊನೆ ತುದಿ ಹೊರಗೆ ಬರೋ ಹಾಗೆ ಸುತ್ತಿ ಕಳಿಸ್ತಾರೆ. ಒಂದು ಸುತ್ತಿನ ಶಬ್ದ ಪಕ್ಕದ ಸುತ್ತಿಗೆ ಅಂಟೋದುಂಟು, ಹಿಂಗೆ ಸುತ್ತಿದ್ರೆ ಅದರಲ್ಲಿ ಜೋರಾದ ಭಾಗ ಸ್ವರ ಬರೋಕೆ ಮುಂಚಿನ ಮೌನದಲ್ಲಿ ಕೇಳ್ದೆ ಸ್ವರ ಆದ್ಮೇಲೆ ಬಂದು ಅದರ ಗುಂಗಲ್ಲೇ ಮುಚ್ಚಿಹೋಗುತ್ತೆ. ಮೊದಲನೇ ಸಲ ಹಾಕಿದಾಗ ಟ್ಯೂನು ಉಲ್ಟಾ ಕೇಳಿಸಿದ್ರೆ ಮಾರಿದವನಿಗೆ ಫೋನ್ ಮಾಡಿ ಬೈಬೇಡಿ, ರಿವೈಂಡ್ ಮಾಡಿ ಹಾಕಿ.