ಮಾತು ತಡವಾದರೆ ಮೊದಲು ಕಿವಿ ನೋಡಿಸಿ

ಮಗುವಿಗೆ ಎರಡು ತುಂಬಿತು, ಇನ್ನೂ ಮಾತು ಬಂದಿಲ್ಲ ಅಂದರೆ ಸಾಕು, ಸುತ್ತಲಿನವರ ಬಳಿ ಸಮಾಧಾನದ ಮಾತಿಗೆ ಕೊರತೆಯಿಲ್ಲ. ಗಂಡು ಮಕ್ಕಳು ಸ್ವಲ್ಪ ಲೇಟೇ. ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು. ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಬರುತ್ತೆ. ಸ್ವಲ್ಪ ಓದಿಕೊಂಡವರಾದರೆ ಐನ್‌ಸ್ಟೈನ್ ಹೆಸರು ತೆಗೆಯುತ್ತಾರೆ. ಐನ್‌ಸ್ಟೈನ್ ತಡವಾಗಿ ಮಾತಾಡಿದ್ದು ನಿಜ, ವಯಸ್ಸಾದ ಮೇಲೆ ಅವರೇ ಪತ್ರವೊಂದರಲ್ಲಿ ಹಾಗೆ ಬರೆದಿದ್ದಾರೆ. ಆದರೆ ಆ ಚಿಂತೆಗೆ ಅಪ್ಪ ಅಮ್ಮ ಡಾಕ್ಟರನ್ನು ಕೇಳಿದ್ದರು ಅಂತಲೂ ಅಲ್ಲೇ ಬರೆದಿದ್ದಾರೆ. ಈ ಅರ್ಧವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸಮಾಧಾನ ಹೇಳುವವರದು ಪೂರ್ತಿ ಸುಳ್ಳೂ ಅಲ್ಲ. ಎರಡು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿ ಮಾತಿನಲ್ಲಿ ಹಿಂದೆ ಇರುತ್ತಾರೆ. ಅವರಲ್ಲಿ ತುಂಬಾ ಜನ ಮುಂದೆ ತಾವಾಗಿಯೇ ಸರಿಹೋಗುತ್ತಾರೆ. ಆದರೆ ನಿಮ್ಮ ಮಗು ಆ ಗುಂಪಿನದಾ, ಅಲ್ವಾ ಅಂತ ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಹಾಗಾಗಿ ಕಾಯುವುದಾದರೂ ತೋರಿಸಿಕೊಂಡೇ ಕಾಯಬೇಕು.

ಯಾವಾಗ ತೋರಿಸಬೇಕು? ವರ್ಷ ತುಂಬಿದರೂ 'ಬಬಬ', 'ದದದ' ಅನ್ನದಿದ್ದರೆ, ಟಾಟಾ ಮಾಡದಿದ್ದರೆ, ಬೇಕಾದ್ದಕ್ಕೆ ಕೈ ತೋರಿಸದಿದ್ದರೆ. ಹದಿನಾರು ತಿಂಗಳಾದರೂ ಒಂದು ಪದವೂ ಇಲ್ಲದಿದ್ದರೆ. ಎರಡು ವರ್ಷಕ್ಕೆ 'ಅಮ್ಮ ಬಾ', 'ಹಾಲು ಬೇಡ' ಅಂತ ಎರಡು ಪದ ಜೋಡಿಸದಿದ್ದರೆ. ಬಂದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ಸರಿ, ಆ ವಾರವೇ ಹೋಗಿ. ಪದ ಎಣಿಸುವಾಗ ಜಿಪುಣತನ ಬೇಡ. ನಾಯಿಗೆ 'ಬೌ', ಊಟಕ್ಕೆ 'ಮಮ್ಮಮ್', ನಿದ್ದೆಗೆ 'ಜೋಜೋ' ಅಂತ ಅರ್ಥವಿಟ್ಟು ಹೇಳಿದರೆ ಅವೂ ಪದಗಳೇ.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಕಿವಿ ಪರೀಕ್ಷೆ. ಇಲ್ಲಿಯೇ ಜಾಸ್ತಿ ಮನೆಗಳು ಮೋಸಹೋಗುವುದು. 'ನಮ್ಮ ಪಾಪುಗೆ ಚೆನ್ನಾಗಿ ಕೇಳಿಸುತ್ತೆ, ಮಿಕ್ಸಿ ಹಾಕಿದರೆ ಬೆಚ್ಚಿಬೀಳುತ್ತೆ' ಅನ್ನುತ್ತಾರೆ. ಮಿಕ್ಸಿ, ಬಾಗಿಲು, ಪ್ರೆಷರ್ ಕುಕ್ಕರ್ ಎಲ್ಲ ಜೋರು ಸದ್ದು. ಮಾತು ಅಷ್ಟು ಜೋರಲ್ಲ, ಅದರ ಎಲ್ಲ ಭಾಗವೂ ಒಂದೇ ಸಮ ಕೇಳುವುದೂ ಇಲ್ಲ. ಅ, ಇ, ಉ ಥರದ ಸ್ವರಗಳಿಗೆ ಬಲ ಹೆಚ್ಚು. ಸ, ಶ ಥರದವು ಮೆಲ್ಲಗಿನ, ಕೀರಲು ಸದ್ದುಗಳು. ಕೀರಲು ಸದ್ದಷ್ಟೇ ಕೇಳಿಸದ ಮಗುವಿಗೆ 'ಬಿಸಿ' ಅಂದರೆ 'ಬಿ... ಇ' ಅಂತ ಮುಟ್ಟಬಹುದು. ಹೆಸರು ಕರೆದರೆ ತಿರುಗುತ್ತದೆ, ನಾವು ನಿಶ್ಚಿಂತರಾಗುತ್ತೇವೆ. ಇನ್ನು ಏನೂ ಕೇಳಿಸದ ಶಿಶುವೂ ಮೊದಲ ತಿಂಗಳುಗಳಲ್ಲಿ 'ಆ', 'ಊ' ಅಂತ ಸದ್ದು ಮಾಡುತ್ತದೆ. ಅನುಮಾನ ಬರುವುದಾದರೂ ಹೇಗೆ?

ಪದೇ ಪದೇ ನೆಗಡಿಯಾಗುವ ಮಕ್ಕಳದು ಬೇರೆ ಕಥೆ. ಕಿವಿ ತಮಟೆಯ ಹಿಂದೆ ನೀರು ತುಂಬಿಕೊಂಡು ಒಂದು ವಾರ ಕೇಳುತ್ತದೆ, ಇನ್ನೊಂದು ವಾರ ಮಂಕಾಗುತ್ತದೆ. ಹುಟ್ಟಿದಾಗ ಮಾಡಿದ ಪರೀಕ್ಷೆ ಪಾಸಾಗಿತ್ತು ಅಂತ ಕೂರುವ ಹಾಗಿಲ್ಲ, ಆಮೇಲೆ ಶುರುವಾಗುವ ಕಿವುಡೂ ಇದೆ.

ಪರೀಕ್ಷೆಗೆ ಮಗು ಉತ್ತರ ಹೇಳಬೇಕಿಲ್ಲ. ಆರೋಗ್ಯವಾಗಿರುವ ಒಳಗಿವಿ ಸದ್ದು ಕೇಳಿದರೆ ತಾನೂ ಒಂದು ಸಣ್ಣ ಸದ್ದನ್ನು ವಾಪಸ್ ಬಿಡುತ್ತದೆ. ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ 1978ರಲ್ಲಿ ಇದನ್ನು ತೋರಿಸಿಕೊಟ್ಟರು. ಓಎಇ ಪರೀಕ್ಷೆ ಹಿಡಿಯುವುದು ಆ ಸದ್ದನ್ನೇ. ಬೇರಾ ಎಂಬ ಇನ್ನೊಂದರಲ್ಲಿ ತಲೆಗೆ ತಂತಿ ಅಂಟಿಸಿ, ಸದ್ದಿಗೆ ಕಿವಿಯ ನರ ಮತ್ತು ಮಿದುಳಿನ ಕಾಂಡ ಹೇಗೆ ಮಿಡಿಯುತ್ತವೆ ಅಂತ ನೋಡುತ್ತಾರೆ. ಇದಕ್ಕೆ ಮಗು ನಿದ್ದೆಯಲ್ಲಿರಬೇಕು, ಅದಕ್ಕೇ 'ನಿದ್ದೆಗೆಡಿಸಿ ಕರೆದುಕೊಂಡು ಬನ್ನಿ' ಅನ್ನುವುದು.

ಇಷ್ಟು ಅವಸರ ಯಾಕೆ ಅಂದರೆ ಮಿದುಳು ಕಾಯುವುದಿಲ್ಲ. ಸದ್ದೇ ಬಾರದಿದ್ದರೆ ಕೇಳುವುದಕ್ಕೆಂದು ಇರುವ ಭಾಗ ನಿಧಾನಕ್ಕೆ ಬೇರೆ ಕೆಲಸ ಹಿಡಿಯುತ್ತದೆ. ಹುಟ್ಟಾ ಕೇಳಿಸದ ಮಕ್ಕಳಿಗೆ ಸುಮಾರು ಮೂರೂವರೆ ವರ್ಷದೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕೂರಿಸುವ, ಸದ್ದನ್ನು ನೇರ ಕಿವಿಯ ನರಕ್ಕೆ ಮುಟ್ಟಿಸುವ ಸಾಧನ) ಹಾಕಿದರೆ ಮಿದುಳು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಏಳು ದಾಟಿದ ಮೇಲೆ ಅದು ಬಹಳ ಕಷ್ಟ.

ಕಿವಿ ಸರಿಯಿದೆ ಅಂತಾದರೆ ಮುಂದಿನ ಪ್ರಶ್ನೆ: ಮಗುವಿಗೆ ಎಷ್ಟು ಅರ್ಥವಾಗುತ್ತದೆ? ಸನ್ನೆ ಮಾಡದೆ 'ಚಪ್ಪಲಿ ತಾ' ಅಂದರೆ ತರುತ್ತದೆಯೇ? ಆಕಾಶದಲ್ಲಿ ವಿಮಾನ ಕಂಡರೆ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತದೆಯೇ? ಎಲ್ಲ ಅರ್ಥವಾಗಿ ಮಾತು ಮಾತ್ರ ಬರದ ಮಗುವಿನ ಸ್ಥಿತಿ ಸಾಮಾನ್ಯವಾಗಿ ಹಗುರ. ಅರ್ಥವೂ ಆಗದೆ, ಕಣ್ಣೂ ಕೂಡಿಸದೆ ಇದ್ದರೆ ಆಟಿಸಂಗೂ ಪರೀಕ್ಷೆ ಆಗಬೇಕು. ಆ ಹೆಸರಿಗೆ ಹೆದರಿ ಮುಂದೂಡುವವರಿದ್ದಾರೆ. ಹೆದರಿಕೆ ಅರ್ಥವಾಗುತ್ತದೆ. ಆದರೆ ಹೆಸರು ಗೊತ್ತಾಗುವ ಮೊದಲೇ ಸ್ಪೀಚ್ ಥೆರಪಿ ಶುರು ಮಾಡಬಹುದು, ಮಾಡಲೂಬೇಕು.

ಅಮ್ಮಂದಿರನ್ನು ದೂರುವ ಚಟವೊಂದಿದೆ ನಮ್ಮಲ್ಲಿ. ಕೆಲಸಕ್ಕೆ ಹೋಗ್ತಾಳೆ, ಮನೇಲಿ ತುಳು, ಹೊರಗೆ ಕನ್ನಡ, ಟಿವಿಯಲ್ಲಿ ಹಿಂದಿ, ಮಗು ಗಲಿಬಿಲಿಯಾಗಿದೆ ಅಂತ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಎಲ್ಲ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು, ಅಷ್ಟೇ. ಮನೆಮಾತು ಬಿಟ್ಟು ಬರೀ ಇಂಗ್ಲಿಷ್ ಆಡಿ ಅನ್ನುವ ಸಲಹೆಯಂತೂ ನನಗೆ ಸಿಟ್ಟು ತರಿಸುತ್ತದೆ.

ಮೊಬೈಲಿನ ವಿಷಯ ಬೇರೆ. ಮಕ್ಕಳ ಭಾಷೆಯ ಬಗ್ಗೆ ಸಂಶೋಧನೆ ಮಾಡುವ ಪ್ಯಾಟ್ರಿಷಿಯಾ ಕೂಲ್ ಅವರ ತಂಡ 2003ರಲ್ಲಿ ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಸದ್ದುಗಳನ್ನು ಕಲಿತವು. ಅದೇ ಜನರ ವಿಡಿಯೊದಿಂದ ಏನೂ ಕಲಿಯಲಿಲ್ಲ. ಮನೆಯಲ್ಲಿ ಮಾಡಬೇಕಾದ್ದೂ ಇಷ್ಟೇ: ಮಗು ನೋಡುತ್ತಿರುವುದರ ಬಗ್ಗೆ ಎರಡು ಪದ ಹೇಳಿ, ಸುಮ್ನೆ ಕಾಯಿರಿ. 'ಅಂಕಲ್‌ಗೆ ಹೇಳು, ಹೇಳು' ಅಂತ ಪೀಡಿಸಿದರೆ ಇರುವ ಮಾತೂ ಒಳಗೆ ಹೋಗುತ್ತದೆ.

ಎಲ್ಲಿಗೆ ಹೋಗುವುದು? ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಜನ 'ಆಯಿಷ್' ಅನ್ನುತ್ತಾರೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರದ ಬಗ್ಗೆ ವಿಚಾರಿಸಿ, ಇಲ್ಲವೇ ಅಂಗನವಾಡಿ ಟೀಚರನ್ನು ಕೇಳಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು ಅಂತಲೇ ಇದೆ. ಹೋಗುವ ಮೊದಲು ಮಗು ಮನೆಯಲ್ಲಿ ಆಡುವುದನ್ನು, ಏನಾದರೂ ಬೇಕಾದಾಗ ಹೇಗೆ ಕೇಳುತ್ತದೆ ಅನ್ನುವುದನ್ನು ಫೋನಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿಕೊಳ್ಳಿ. ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ತುಟಿ ಬಿಚ್ಚುವುದಿಲ್ಲ.