ಶಪೇಜ್ ಹಳ್ಳಿಯ ಸುತ್ತ ಎರಡು ದಿನ: ಕಲ್ಲು ಛಾವಣಿಯ ಚರ್ಚುಗಳನ್ನು ಓದುವ ಕ್ರಮ

ಫ್ರಾನ್ಸಿನ ದಕ್ಷಿಣ ಬರ್ಗಂಡಿಯಲ್ಲಿ, ಸೋನ್ ಮತ್ತು ಗ್ರೋನ್ ನದಿಗಳ ನಡುವಿನ ಗುಡ್ಡಸೀಮೆಯಲ್ಲಿ ಶಪೇಜ್ ಎಂಬ ಸಣ್ಣ ಹಳ್ಳಿಯಿದೆ. ಇದನ್ನು ನಡುವಿಗಿಟ್ಟುಕೊಂಡರೆ ಪೂರ್ವಕ್ಕೆ ಬ್ರಾಂಸಿಯೋಂ ಕೋಟೆ ಮತ್ತು ತೂರ್ನು ಮಠ, ಪಶ್ಚಿಮಕ್ಕೆ ಕೊರ್ಮಾತಾಂ ಅರಮನೆ, ದಕ್ಷಿಣಕ್ಕೆ ಕ್ಲ್ಯೂನಿ ಮಠ ಸಿಗುತ್ತವೆ. 11 ಮತ್ತು 12ನೇ ಶತಮಾನದ ರೋಮನೆಸ್ಕ್ ಶೈಲಿ (ದಪ್ಪ ಗೋಡೆ, ಕಲ್ಲಿನ ಕಮಾನುಗಳ ಕಟ್ಟಡ ರೀತಿ) ಕಲಿಯುವವರಿಗೆ ಇಷ್ಟು ಹತ್ತಿರ ಹತ್ತಿರ ಇಷ್ಟು ಮಾದರಿಗಳು ಸಿಗುವುದು ಅಪರೂಪ.

ನೋಡುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ: ಈ ಕಲ್ಲಿನ ಛಾವಣಿಯ ಭಾರ ಎಲ್ಲಿಗೆ ಹೋಗುತ್ತಿದೆ? ಶಿಲ್ಪ, ಸಂತರ ಕಥೆ, ಚಿತ್ರ ಎಲ್ಲವೂ ಆಮೇಲೆ. ಈ ಪ್ರಶ್ನೆ ಹಿಡಿದರೆ ಕಿಟಕಿ ಏಕೆ ಚಿಕ್ಕದು, ಗೋಡೆ ಏಕೆ ಇಷ್ಟು ದಪ್ಪ, ಒಳಗೆ ಏಕೆ ಕತ್ತಲೆ ಎಂಬುದಕ್ಕೆ ತಾನಾಗಿ ಉತ್ತರ ಸಿಗುತ್ತದೆ.

ಭಾರದ ಪಾಠ

ಹೊಯ್ಸಳ ಗುಡಿಗಳು ಕಂಬ ಮತ್ತು ತೊಲೆಯ ಕಟ್ಟಡಗಳು. ಬೇಲೂರಿನ ಚೆನ್ನಕೇಶವ ಗುಡಿ 1117ರದು, ಅಂದರೆ ನಾವು ನೋಡಲು ಹೊರಟಿರುವ ಕೆಲವು ಚರ್ಚುಗಳ ಕಾಲದ್ದೇ. ಅಲ್ಲಿ ತೊಲೆ ಕಂಬದ ಮೇಲೆ ಕೂರುತ್ತದೆ, ಭಾರ ನೇರ ಕೆಳಗಿಳಿಯುತ್ತದೆ. ಬರ್ಗಂಡಿಯ ಚರ್ಚಿನಲ್ಲಿ ಛಾವಣಿಯೇ ಕಮಾನು. ಸೆಂಟ್ರಿಂಗ್ ಬಿಚ್ಚಿದ ಗಳಿಗೆಯಿಂದ ಕಮಾನು ಕೆಳಕ್ಕೆ ಮಾತ್ರವಲ್ಲ, ಎರಡೂ ಪಕ್ಕಕ್ಕೂ ಒತ್ತುತ್ತದೆ. ಆ ಒತ್ತು ಹಗಲಿರುಳು ನಿಲ್ಲುವುದಿಲ್ಲ. ಗೋಡೆ ಅದನ್ನು ತಡೆಯದಿದ್ದರೆ ಹೊರಕ್ಕೆ ವಾಲುತ್ತದೆ, ಕಮಾನಿನ ನಡುನೆತ್ತಿ ಕುಸಿಯುತ್ತದೆ, ಕೊನೆಗೆ ಬೀಳುತ್ತದೆ.

ಉದ್ದಕ್ಕೆ ಸೀಳಿದ ಪೀಪಾಯಿಯನ್ನು ಕವುಚಿಟ್ಟಂತಿರುವ ಛಾವಣಿಗೆ ಪೀಪಾಯಿ ಕಮಾನು ಎನ್ನೋಣ. ಅದರ ಒತ್ತು ಗೋಡೆಯ ಉದ್ದಕ್ಕೂ ಹರಡುತ್ತದೆ. ಹಾಗಾಗಿ ಗೋಡೆಯಲ್ಲಿ ದೊಡ್ಡ ಕಿಟಕಿ ತೆರೆದರೆ ಅಲ್ಲಿಯೇ ಬಲ ಕಳೆಯುತ್ತದೆ. ಕಟ್ಟುವವರಿಗೆ ಇದ್ದ ಸಾಮಾನ್ಯ ದಾರಿಗಳು ಇವು: ಗೋಡೆ ದಪ್ಪ ಮಾಡುವುದು, ಹೊರಗೆ ಆಸರೆಗಂಬ ಕಟ್ಟುವುದು, ಕಮಾನನ್ನು ಮೊನಚು ಮಾಡುವುದು (ಮೊನಚಾದಷ್ಟೂ ಪಕ್ಕದ ಒತ್ತು ಕಡಿಮೆ), ಇಲ್ಲವೇ ಪಕ್ಕದ ಪಡಸಾಲೆಯ ಛಾವಣಿಯನ್ನೇ ಎದುರೊತ್ತಾಗಿ ನಿಲ್ಲಿಸುವುದು.

ಶಪೇಜ್: ವಾಲಿದ ಕಂಬಗಳು

ಸಂತ ಮಾರ್ಟಿನನ ಈ ಚರ್ಚು 11ನೇ ಶತಮಾನದ ಮೊದಲ ಭಾಗದ್ದು. ಮೊದಲು ಹೊರಗೆ ಒಂದು ಸುತ್ತು ಹಾಕಿ. ಗೋಡೆಯ ಮೇಲೆ ತೆಳುವಾದ ನಿಲುಪಟ್ಟಿಗಳು, ಅವುಗಳ ನೆತ್ತಿಯಲ್ಲಿ ಸಾಲಾಗಿ ಪುಟ್ಟ ಕಮಾನುಗಳು ಕಾಣುತ್ತವೆ. ಇವಕ್ಕೆ ಲೊಂಬಾರ್ಡ್ ಪಟ್ಟಿ ಎಂದು ಹೆಸರು. ಉತ್ತರ ಇಟಲಿಯ ಗಾರೆಯವರ ರೂಢಿ. ಕಲ್ಲುಗಳು ಸಣ್ಣವು, ಉಳಿಯಿಂದ ನಯ ಮಾಡಿದವಲ್ಲ, ಸುತ್ತಿಗೆಯಿಂದ ಒಡೆದವು. ಕಲ್ಲಿನ ಗಾತ್ರ ನೋಡಿ ಕಾಲ ಅಂದಾಜು ಮಾಡುವ ಅಭ್ಯಾಸ ಇಲ್ಲಿಂದಲೇ ಶುರು ಮಾಡಿ: ಸಣ್ಣ ಒಡೆಗಲ್ಲು ಸಾಮಾನ್ಯವಾಗಿ ಹಳತು, ಚೊಕ್ಕವಾಗಿ ಕಡಿದ ದೊಡ್ಡ ಕಲ್ಲು 12ನೇ ಶತಮಾನದತ್ತ ಬರುತ್ತದೆ.

ಗಂಟೆಗೋಪುರ ಸುಮಾರು 35 ಮೀಟರ್ ಎತ್ತರ. ಹಳ್ಳಿಯ ಗಾತ್ರಕ್ಕೆ ಹೋಲಿಸಿದರೆ ಅತಿ ದೊಡ್ಡದು, ಏಕೆಂದರೆ ಇದು ಶಲೋಂ ಪಟ್ಟಣದ ಮಠಕ್ಕೆ ಸೇರಿದ ಸನ್ಯಾಸಿಗಳ ಚರ್ಚು.

ಒಳಗೆ ಹೋದ ಮೇಲೆ ನಡುಸಾಲೆಯಲ್ಲಿ, ಅಂದರೆ ಬಾಗಿಲಿನಿಂದ ಬಲಿಪೀಠದತ್ತ ಸಾಗುವ ನಡುವಿನ ಉದ್ದ ಸಾಲೆಯಲ್ಲಿ, ನಿಂತು ಕಂಬಗಳನ್ನು ನೋಡಿ. ದುಂಡಗಿನ, ಅಗಾಧ ದಪ್ಪದ ಕಂಬಗಳು. ಅವು ನೆಟ್ಟಗಿಲ್ಲ, ಹೊರಕ್ಕೆ ವಾಲಿವೆ. ಕಣ್ಣಿಗೆ ನಂಬಿಕೆ ಬಾರದಿದ್ದರೆ ಹೀಗೆ ಮಾಡಿ: ಒಂದು ಮೀಟರ್ ದಾರಕ್ಕೆ ಬೀಗದ ಕೈ ಕಟ್ಟಿ, ಕೈಚಾಚಿ ಹಿಡಿಯಿರಿ. ಅದು ಅಲುಗಾಡುವುದು ನಿಂತ ಮೇಲೆ ಒಂದು ಕಣ್ಣು ಮುಚ್ಚಿ, ದಾರವನ್ನು ಕಂಬದ ಬುಡದ ಅಂಚಿಗೆ ಹೊಂದಿಸಿ. ಮೇಲೆ ಹೋದಂತೆ ಕಂಬದ ಅಂಚು ದಾರದಿಂದ ದೂರ ಸರಿಯುತ್ತದೆ. ಮೊದಲ ಛಾವಣಿ ತಳ್ಳಿದ್ದರ ಗುರುತು ಇದು. ಆ ಛಾವಣಿಯ ಬದಲಿಗೆ 12ನೇ ಶತಮಾನದಲ್ಲಿ ತುಸು ಮೊನಚಾದ ಪೀಪಾಯಿ ಕಮಾನು ಕಟ್ಟಿದರು. ಈಗ ತಲೆಯೆತ್ತಿ ಅದರ ನೆತ್ತಿಯ ಗೆರೆ ಹುಡುಕಿ. ಸಮಸ್ಯೆಯೂ ಅದರ ಪರಿಹಾರವೂ ಒಂದೇ ನೋಟದಲ್ಲಿ ಇರುವ ಇಂಥ ಜಾಗ ಯಾವ ಪುಸ್ತಕದ ನಕ್ಷೆಗಿಂತಲೂ ದೊಡ್ಡ ಪಾಠ. ಇಲ್ಲಿ ಅವಸರ ಮಾಡಬೇಡಿ, ಕನಿಷ್ಠ ಒಂದು ಗಂಟೆ ಕೊಡಿ.

ಎರಡು ಕಿಲೋಮೀಟರಿನಷ್ಟು ದೂರದ ಲಾಂಶಾರ್‌ನಲ್ಲಿ ಸನ್ಯಾಸಿನಿಯರ ಮಠದ ಚರ್ಚು ಅರ್ಧ ಉಳಿದಿದೆ. ನಡುಸಾಲೆ ಇಲ್ಲ, ಅದಕ್ಕೆ ಅಡ್ಡಲಾಗಿ ಕಟ್ಟಿದ ಅಡ್ಡಸಾಲೆ ಮತ್ತು ಪೂರ್ವದ ಅರೆವೃತ್ತದ ಕೊನೆಗಳು ನಿಂತಿವೆ. ಗೋಡೆಯ ಅಡ್ಡಕೊಯ್ತ ಹೇಗಿರುತ್ತದೆಂದು ತಿಳಿಯಲು ನೋಡಿಬನ್ನಿ.

ತೂರ್ನು: ಜಾಣ ಉತ್ತರ

ಫ್ರೆಂಚಿನಲ್ಲಿ Tournus ಎಂದು ಬರೆಯುವ ಈ ಹೆಸರಿನ ಕೊನೆಯ s ಅಕ್ಷರವನ್ನು ಉಚ್ಚರಿಸುವುದಿಲ್ಲ. ರೈಲು ಟಿಕೆಟ್ ಕೇಳುವಾಗ ಇದು ಗೊತ್ತಿರಲಿ. ನೊರ್ಮನ್ನರ (ವೈಕಿಂಗರ) ದಾಳಿಗೆ ಬೆದರಿ ಅಟ್ಲಾಂಟಿಕ್ ಕರಾವಳಿಯ ದ್ವೀಪ ಬಿಟ್ಟ ಸನ್ಯಾಸಿಗಳು ಸಂತ ಫಿಲಿಬೆರನ ಅಸ್ಥಿ ಹೊತ್ತು 875ರಲ್ಲಿ ಇಲ್ಲಿಗೆ ಬಂದರು. ಈಗಿನ ಕಟ್ಟಡದ ಬಹುಪಾಲು 11 ಮತ್ತು 12ನೇ ಶತಮಾನದ್ದು.

ಇಲ್ಲಿ ನೋಡಬೇಕಾದ್ದು ನಡುಸಾಲೆಯ ಛಾವಣಿ. ಉದ್ದಕ್ಕೆ ಒಂದೇ ಪೀಪಾಯಿ ಹಾಕುವ ಬದಲು ಪ್ರತಿ ಅಂಕಣಕ್ಕೂ ಅಡ್ಡಲಾಗಿ ಒಂದೊಂದು ಪೀಪಾಯಿ ಕಟ್ಟಿದ್ದಾರೆ. ಪಕ್ಕಪಕ್ಕದ ಎರಡು ಪೀಪಾಯಿಗಳು ಒಂದನ್ನೊಂದು ಒತ್ತಿ ಸಮನಾಗುತ್ತವೆ. ಹೊರಗೋಡೆಯ ಮೇಲೆ ಒತ್ತು ಬಹಳ ಕಡಿಮೆ. ಹಾಗಾಗಿ ಮೇಲುಗೋಡೆಯಲ್ಲಿ ಕಿಟಕಿ ತೆರೆಯಲು ಆಯಿತು. ನಸುಗೆಂಪು ಕಲ್ಲಿನ ಎತ್ತರದ ದುಂಡುಕಂಬಗಳ ಮೇಲೆ ಬೆಳಕು ಬೀಳುವುದು ಇದರಿಂದಲೇ. ಇಷ್ಟು ಚೆನ್ನಾದ ಉಪಾಯ ಉಳಿದ ಕಡೆ ಹೆಚ್ಚು ಹಬ್ಬಲಿಲ್ಲ. ಅಡ್ಡ ಪೀಪಾಯಿಗಳು ಕಣ್ಣಿನ ಓಟವನ್ನು ಪ್ರತಿ ಅಂಕಣದಲ್ಲೂ ತಡೆಯುತ್ತವೆ, ಬಲಿಪೀಠದತ್ತ ಸಾಗುವ ಭಾವ ಮುರಿಯುತ್ತದೆ ಎಂಬುದು ಒಂದು ಕಾರಣವಿರಬಹುದು. ಒಳಗೆ ನಿಂತು ನೀವೇ ತೀರ್ಮಾನಿಸಿ. ಮುಂಭಾಗದ ಎರಡಂತಸ್ತಿನ ಕತ್ತಲ ಮಂಟಪದಿಂದ ನಡುಸಾಲೆಗೆ ಬರುವಾಗ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ನಿಲ್ಲಿ.

ಕೋಟೆ ಯಾವುದು, ಅರಮನೆ ಯಾವುದು

ಫ್ರೆಂಚರು ಎರಡಕ್ಕೂ ಶಾತೋ ಎನ್ನುತ್ತಾರೆ, ಕಲಿಯುವವರು ಎಡವುವುದು ಇಲ್ಲಿ. ಬ್ರಾಂಸಿಯೋಂ ಯುದ್ಧದ ಕೋಟೆ. ಅದರ ಹಳೆಯ ಗೋಡೆಗಳಲ್ಲಿ ಕಲ್ಲನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ ಸಾಲು ಹುಡುಕಿ. ಒಡೆಯ ಜೋಸ್ಸರಾಂ 1250ರಲ್ಲಿ ಈಜಿಪ್ಟಿನ ಮನ್ಸೂರಾದಲ್ಲಿ ಕ್ರುಸೇಡ್ ಎಂಬ ಧರ್ಮಯುದ್ಧದಲ್ಲಿ ಸತ್ತ. 1259ರಲ್ಲಿ ಮಗ ಕೋಟೆಯನ್ನು ಬರ್ಗಂಡಿಯ ಡ್ಯೂಕನಿಗೆ ಮಾರಿದ. ಅಪ್ಪನ ಮಲಗಿದ ಶಿಲಾಪ್ರತಿಮೆ ಗುಡ್ಡದ ತುದಿಯ ಚರ್ಚಿನಲ್ಲಿದೆ. ಆ ಚರ್ಚಿನ ಭಿತ್ತಿಚಿತ್ರಗಳು ಒಂದು ತಪ್ಪು ಕಲ್ಪನೆ ತಿದ್ದುತ್ತವೆ: ಈಗ ಬರಿಗಲ್ಲಾಗಿ ಕಾಣುವ ಒಳಗೋಡೆಗಳಿಗೆ ಆಗ ಸುಣ್ಣವೂ ಬಣ್ಣವೂ ಇದ್ದವು. ಛಾವಣಿಯ ಮೇಲಿರುವುದು ಹೆಂಚಲ್ಲ, ಲಾವ್ ಎಂಬ ಸುಣ್ಣಕಲ್ಲಿನ ಚಪ್ಪಡಿ. ಚದರ ಮೀಟರಿಗೆ ನೂರಾರು ಕಿಲೋ ತೂಗುತ್ತದೆ. ಕೆಳಗಿನ ಗೋಡೆಯ ದಪ್ಪಕ್ಕೆ ಇದೂ ಒಂದು ಕಾರಣ. ವಾಹನ ಊರ ಹೊರಗೇ ನಿಲ್ಲಿಸಿ ಹತ್ತಬೇಕು.

ಕೊರ್ಮಾತಾಂ 17ನೇ ಶತಮಾನದ ಆರಂಭದ ಅರಮನೆ. ಸುತ್ತ ಕಂದಕವಿದ್ದರೂ ದೊಡ್ಡ ಕಿಟಕಿಗಳೇ ಇದರ ಉದ್ದೇಶ ಹೇಳುತ್ತವೆ. ಒಳಗಿನ ಚಿನ್ನದ ಲೇಪದ ಕೋಣೆಗಳನ್ನು ಮಾರ್ಗದರ್ಶಿಯ ಜೊತೆಗೆ ನೋಡಬೇಕು.

ಹೋಗುವ ದಾರಿ, ಕೆಡುವ ಕಡೆಗಳು

ತೂರ್ನುವಿಗೆ ರೈಲಿದೆ. ಅಲ್ಲಿಂದ ಬ್ರಾಂಸಿಯೋಂ ಸುಮಾರು 15 ಕಿಲೋಮೀಟರ್, ಮುಂದೆ ಶಪೇಜ್ 5, ಆಮೇಲೆ ಕೊರ್ಮಾತಾಂ 6ರಷ್ಟು. ಈ ತುಂಡಿಗೆ ಬಸ್ಸನ್ನು ನಂಬಿ ಹೊರಡಬೇಡಿ, ಕಾರು ಅಥವಾ ಸೈಕಲ್ ಬೇಕು. ಸೈಕಲ್ಲಾದರೆ ಬ್ರಾಂಸಿಯೋಂ ಏರು ಚೆನ್ನಾಗಿ ಬೆವರಿಳಿಸುತ್ತದೆ. ಕೊರ್ಮಾತಾಂನಿಂದ ಕ್ಲ್ಯೂನಿಗೆ ಹಳೆಯ ರೈಲುದಾರಿಯನ್ನೇ ಸೈಕಲ್ ಹಾದಿ ಮಾಡಿದ್ದಾರೆ. ರೈಲಿನ ಹಾದಿಯಾದ್ದರಿಂದ ಏರಿಳಿತ ಕಡಿಮೆ. ಕ್ಲ್ಯೂನಿಯಿಂದ ದಕ್ಷಿಣಕ್ಕೆ ಇದೇ ಹಾದಿಯಲ್ಲಿ 1,600 ಮೀಟರ್ ಉದ್ದದ ಸುರಂಗವಿದೆ. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ನಿದ್ರಿಸುವುದರಿಂದ ಅದನ್ನು ಮುಚ್ಚುತ್ತಾರೆ, ಆಗ ಗುಡ್ಡ ಹತ್ತಿಯೇ ದಾಟಬೇಕು. ಬೇಸಿಗೆಯಲ್ಲೂ ಒಳಗೆ ಥಂಡಿ, ಒಂದು ಜಾಕೆಟ್ ಇರಲಿ.

ಬಾಗಿಲು ಮುಚ್ಚಿದ ಹಳ್ಳಿ ಚರ್ಚು ಕಂಡು ಹಿಂತಿರುಗಬೇಡಿ. 1905ರಲ್ಲಿ ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿದ ಕಾನೂನಿನ ನಂತರ ಇಂಥ ಹಳೆಯ ಚರ್ಚುಗಳು ಊರಿನ ಆಡಳಿತದ ಸ್ವತ್ತಾದವು. ಆದ್ದರಿಂದ ಕೀಲಿ ಕೇಳಬೇಕಾದ್ದು ಪಾದ್ರಿಯನ್ನಲ್ಲ, ಮೇರಿ ಎಂಬ ಊರ ಕಚೇರಿಯಲ್ಲಿ, ಅಂದರೆ ನಮ್ಮ ಪಂಚಾಯಿತಿ ಕಚೇರಿಯಂಥದ್ದರಲ್ಲಿ. ಆದರೆ ಚಿಕ್ಕ ಊರುಗಳಲ್ಲಿ ಅದು ವಾರಕ್ಕೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ, ಹಿಂದಿನ ದಿನವೇ ಫೋನ್ ಮಾಡಿ. ಸೆಪ್ಟೆಂಬರಿನ ಮೂರನೇ ವಾರಾಂತ್ಯದ ಪರಂಪರೆ ದಿನಗಳಲ್ಲಿ ಎಷ್ಟೋ ಮುಚ್ಚಿದ ಬಾಗಿಲುಗಳು ತೆರೆಯುತ್ತವೆ. ಕೋಟೆ, ಅರಮನೆಗಳು ಚಳಿಗಾಲದಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತವೆ. ಮಧ್ಯಾಹ್ನ 12ರಿಂದ 2ರವರೆಗೆ ಹಳ್ಳಿಸೀಮೆಯೇ ಊಟಕ್ಕೆ ಕೂರುತ್ತದೆ. ಭಾನುವಾರ ಮಧ್ಯಾಹ್ನದ ನಂತರ ಬ್ರೆಡ್ಡು ಸಹ ಸಿಗದಿರಬಹುದು, ಬುತ್ತಿ ಕಟ್ಟಿಕೊಳ್ಳಿ.

ಚರ್ಚುಗಳ ಅರೆವೃತ್ತದ ಕೊನೆ ಪೂರ್ವಕ್ಕಿರುತ್ತದೆ. ಹಾಗಾಗಿ ಬಲಿಪೀಠದ ಭಾಗಕ್ಕೆ ಬೆಳಗಿನ ಬೆಳಕು, ಮುಂಬಾಗಿಲಿನ ಶಿಲ್ಪಕ್ಕೆ ಸಂಜೆಯದು. ಕಂಬದ ತಲೆಯ ಬೋದಿಗೆಗಳ ಕೆತ್ತನೆಗೆ ಸಣ್ಣ ದುರ್ಬೀನು ಬೇಕು. ಪೂಜೆಯ ಹೊತ್ತಿನಲ್ಲಿ ಒಳಗೆ ಓಡಾಡಬಾರದು.

ಹೊಲದ ಕಾಲುದಾರಿಗಳಲ್ಲಿ ಶಾರೊಲೆ ತಳಿಯ ಬಿಳಿ ದನಗಳು ಮೇಯುತ್ತಿರುತ್ತವೆ. ನೀವು ತೆರೆದ ಗೇಟನ್ನು ದಾಟಿದ ಹಿಂದೆಯೇ ಮುಚ್ಚಿ; ಕರುವಿರುವ ಹಸುವಿನ ಬಳಿ ಹೋಗಬೇಡಿ. ಶರತ್ಕಾಲದಿಂದ ಬೇಟೆಯ ಋತು. ‘ಶಾಸ್ ಆಂ ಕೂರ್’ ಎಂಬ ಫಲಕ ಕಂಡರೆ ಬೇಟೆ ನಡೆದಿದೆ ಎಂದರ್ಥ, ಬೇರೆ ದಾರಿ ಹಿಡಿಯಿರಿ.

ಕ್ಲ್ಯೂನಿ, ಕೊನೆಗೆ ಬೆರ್ಜೆ

ಕ್ಲ್ಯೂನಿ ಮಠ 910ರಲ್ಲಿ ಶುರುವಾಯಿತು. 1088ರಲ್ಲಿ ಆರಂಭಿಸಿದ ಮೂರನೇ ಚರ್ಚು 187 ಮೀಟರ್ ಉದ್ದವಿತ್ತು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಮಾರಿ, ಕಲ್ಲಿಗಾಗಿ ಕೆಡವಿದರು. ಉಳಿದಿರುವುದು ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ, ಹಾಗಾಗಿ ಹೋದವರು ಚರ್ಚೆಲ್ಲಿ ಎಂದು ಹುಡುಕುವಂತಾಗುತ್ತದೆ. ಮೊದಲು ಪಶ್ಚಿಮದ ಬಾಗಿಲಿದ್ದ ಜಾಗದಲ್ಲಿ ನಿಂತು, ನಿಂತಿರುವ ಗೋಪುರದವರೆಗೆ ಹೆಜ್ಜೆ ಎಣಿಸುತ್ತ ನಡೆಯಿರಿ. ಆಮೇಲೆ ದಕ್ಷಿಣದ ಅಡ್ಡಸಾಲೆಯೊಳಗೆ ಹೋಗಿ ತಲೆಯೆತ್ತಿ. ಛಾವಣಿ ಸುಮಾರು 30 ಮೀಟರ್ ಮೇಲಿದೆ, ಕಮಾನುಗಳು ಮೊನಚು. ಶಪೇಜ್‌ನಲ್ಲಿ ನೋಡಿದ ಪಾಠವೇ ಇಲ್ಲಿ ಈ ಎತ್ತರಕ್ಕೆ ಬೆಳೆದಿದೆ.

ಸುಮಾರು 12 ಕಿಲೋಮೀಟರ್ ದೂರದ ಬೆರ್ಜೆ-ಲಾ-ವಿಲ್‌ನ ಪುಟ್ಟ ಪ್ರಾರ್ಥನಾಲಯ ಇದೇ ಮಠಕ್ಕೆ ಸೇರಿತ್ತು. 12ನೇ ಶತಮಾನದ ಅದರ ಭಿತ್ತಿಚಿತ್ರಗಳು ಸುಣ್ಣದ ಪದರದ ಕೆಳಗೆ ಅಡಗಿದ್ದವು. ಬೆಳಕಿಗೆ ಬಂದದ್ದು 1887ರಲ್ಲಿ. ಅರೆಗುಮ್ಮಟದ ತುಂಬ ಕುಳಿತ ಕ್ರಿಸ್ತ, ಎರಡೂ ಕಡೆ ಶಿಷ್ಯರು. ಕ್ಲ್ಯೂನಿಯ ದೊಡ್ಡ ಚರ್ಚಿನ ಚಿತ್ರಗಳು ಕಲ್ಲಿನೊಂದಿಗೇ ಹೋದವು. ಆ ಸನ್ಯಾಸಿಗಳ ಕಣ್ಣೆದುರು ಎಂಥ ಬಣ್ಣವಿತ್ತೆಂದು ತಿಳಿಯಲು ಇಲ್ಲಿಗೇ ಬರಬೇಕು. ಫ್ಲಾಶ್ ಹಾಕಬೇಡಿ, ಬಾಗಿಲ ಬಳಿ ನಿಂತು ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಮೊದಲು ಕ್ರಿಸ್ತನ ಬಟ್ಟೆಯ ಮಡಿಕೆಗಳನ್ನು ನೋಡಿ.