ಇಸಿಜಿ ಗೆರೆಯ ಒಂದು ಸಣ್ಣ ಗಂಟು: ಕಾರಣ ತಿಳಿಯದ ಹೃದಯ ಸ್ತಂಭನದ ಸುಳಿವು ಹುಡುಕಿದ ಕಥೆ

ಹೃದಯ ನಿಂತು, ಮತ್ತೆ ಬದುಕಿ ಬಂದವರಲ್ಲಿ ಕೆಲವರ ವಿಷಯದಲ್ಲಿ ವೈದ್ಯರಿಗೆ ಕಾರಣವೇ ಸಿಗುವುದಿಲ್ಲ. ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳಗಳು ಸ್ವಚ್ಛವಾಗಿರುತ್ತವೆ, ಎಕೋದಲ್ಲಿ ಹೃದಯದ ಗೋಡೆಗಳೂ ಕವಾಟಗಳೂ ಸರಿಯಾಗಿಯೇ ಕಾಣುತ್ತವೆ. ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ಅಂಕೆಯಿಲ್ಲದೆ ಅದುರುವ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಆಗಿತ್ತು ಎಂಬುದಷ್ಟೇ ಖಚಿತ. ಅದು ಏಕಾಯಿತು ಎಂಬುದಕ್ಕೆ ಉತ್ತರವಿಲ್ಲದಾಗ, ಕೈಯಲ್ಲಿ ಉಳಿಯುವ ಸುಳಿವು ಬಹುಮಟ್ಟಿಗೆ ಒಂದು ಇಸಿಜಿ ಕಾಗದ.

ಆ ಕಾಗದದಲ್ಲಿ ನೋಡಬೇಕಾದ ಜಾಗ ಬಹಳ ಚಿಕ್ಕದು. ಕೆಳಕೋಣೆಗಳಿಗೆ ವಿದ್ಯುತ್ ಹರಿಯುವಾಗ ಗೆರೆ ಚೂಪಾಗಿ ಏರಿ ಇಳಿಯುತ್ತದೆ. ಈ ಕ್ಯೂಆರ್‌ಎಸ್ ಮುಗಿಯುವ ತಿರುವೇ ಜೆ ಬಿಂದು. ಕೆಲವರಲ್ಲಿ ಇಳಿಯುವ ಗೆರೆ ನೇರವಾಗಿ ಬುಡ ಮುಟ್ಟದೆ ಕೊನೆಯಲ್ಲಿ ಸಣ್ಣದೊಂದು ಗಂಟು ಕಟ್ಟುತ್ತದೆ, ಇಲ್ಲವೇ ಕಾಲೆಳೆಯುತ್ತ ನಿಧಾನವಾಗಿ ಜಾರುತ್ತದೆ. ಎತ್ತರ ಒಂದು ಮಿಲಿಮೀಟರು, ಅಂದರೆ ಕಾಗದದ ಒಂದೇ ಒಂದು ಸಣ್ಣ ಚೌಕ.

‘ಅರ್ಲಿ ರೀಪೋಲರೈಸೇಷನ್’ (ಪ್ರಚೋದನೆಯ ನಂತರ ವಿದ್ಯುತ್ ಸ್ಥಿತಿ ಬೇಗನೆ ಮೊದಲಿನಂತಾಗುವುದು) ಎಂದು ಹೆಸರಾದ ಈ ವಿನ್ಯಾಸವನ್ನು 1936ರಲ್ಲೇ ಶಿಪ್ಲಿ ಮತ್ತು ಹ್ಯಾಲರನ್ ಆರೋಗ್ಯವಂತರ ಇಸಿಜಿಗಳಲ್ಲಿ ಗುರುತಿಸಿದ್ದರು. ಯುವಕರಲ್ಲಿ, ಅದರಲ್ಲೂ ಕ್ರೀಡಾಪಟುಗಳಲ್ಲಿ, ಇದು ಸಾಮಾನ್ಯವಾದ್ದರಿಂದ ದಶಕಗಳ ಕಾಲ ವೈದ್ಯರು ಇದನ್ನು ನಿರುಪದ್ರವಿ ಎಂದೇ ಬಗೆದರು. ಗೆರೆಯೊಂದೇ ಅಪಾಯವನ್ನು ಹೇಳಬಲ್ಲದು ಎಂಬ ನಂಬಿಕೆಗೆ ಬಲ ಬಂದದ್ದು 1992ರಲ್ಲಿ, ಪೆಡ್ರೊ ಮತ್ತು ಜೋಸೆಪ್ ಬ್ರುಗಾಡಾ ಸೋದರರು ಎದೆಯ ಬಲಭಾಗದ ಲೀಡ್‌ಗಳಲ್ಲಿ (ಹೃದಯವನ್ನು ಒಂದೊಂದು ಕೋನದಿಂದ ತೋರುವ ಇಸಿಜಿ ಗೆರೆಗಳಲ್ಲಿ) ಒಂದೇ ಬಗೆಯ ಏರಿಕೆಯಿದ್ದ, ಹೃದಯ ನಿಂತು ಬದುಕಿದ ಎಂಟು ರೋಗಿಗಳ ವರದಿ ಪ್ರಕಟಿಸಿದಾಗ. 1996ರಲ್ಲಿ ಸಂಶೋಧಕರಾದ ಯಾನ್ ಮತ್ತು ಆಂಟ್ಜೆಲೆವಿಚ್ ಜೆ ಅಲೆಯ, ಅಂದರೆ ಜೆ ಬಿಂದುವಿನ ಗಂಟಿನ, ಮೂಲವನ್ನು ಜೀವಕೋಶಗಳ ಮಟ್ಟದಲ್ಲಿ ತೋರಿಸಿದರು: ಕೆಳಕೋಣೆಯ ಗೋಡೆಯ ಹೊರಪದರದ ಕೋಶಗಳಿಂದ ಪ್ರಚೋದನೆಯ ಆರಂಭದಲ್ಲೇ ಪೊಟ್ಯಾಸಿಯಂ ಪ್ರವಾಹ ಜೋರಾಗಿ ಹೊರಹರಿಯುತ್ತದೆ, ಒಳಪದರದಲ್ಲಿ ಅದು ದುರ್ಬಲ, ಈ ವ್ಯತ್ಯಾಸವೇ ಗೆರೆಯಲ್ಲಿ ಗಂಟಾಗಿ ಮೂಡುತ್ತದೆ, ಮಿತಿಮೀರಿ ಹಿಗ್ಗಿದರೆ ಲಯವನ್ನೇ ಕೆಡಿಸಬಲ್ಲದು.

ನಿರುಪದ್ರವಿ ಎಂಬ ಮಾತು ಅಲುಗಾಡಿದ್ದು 2008ರಲ್ಲಿ. ಫ್ರಾನ್ಸಿನ ಬೋರ್ಡೊದ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು 22 ಕೇಂದ್ರಗಳಿಂದ, ಕಾರಣ ತಿಳಿಯದ ಹೃದಯ ಸ್ತಂಭನದಿಂದ ಬದುಕುಳಿದ 206 ಜನರ ಇಸಿಜಿಗಳನ್ನು ಕಲೆಹಾಕಿ, 412 ಆರೋಗ್ಯವಂತರ ಇಸಿಜಿಗಳ ಪಕ್ಕದಲ್ಲಿಟ್ಟು ನೋಡಿದರು. ಹೃದಯದ ಕೆಳಭಾಗ ಅಥವಾ ಪಕ್ಕವನ್ನು ತೋರುವ ಲೀಡ್‌ಗಳಲ್ಲಿ ಆ ಗಂಟು ಬದುಕುಳಿದವರಲ್ಲಿ ಶೇ 31ರಷ್ಟು ಮಂದಿಗಿತ್ತು, ಆರೋಗ್ಯವಂತರಲ್ಲಿ ಶೇ 5ರಷ್ಟು ಮಂದಿಗೆ ಮಾತ್ರ. ಗಂಟಿದ್ದವರಲ್ಲಿ ಗಂಡಸರು ಹೆಚ್ಚು. ನಿದ್ದೆಯಲ್ಲೇ ಹೃದಯ ನಿಂತವರೂ ಹೆಚ್ಚು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಮತ್ತೊಂದಿದೆ: ಲಯ ಕೆಡಿಸುವ ಮೊದಲ ಹೆಚ್ಚುವರಿ ಬಡಿತ ಎಲ್ಲಿಂದ ಹೊರಟಿತೆಂದು ಎಂಟು ಮಂದಿಯಲ್ಲಿ ಹುಡುಕಿದಾಗ, ಗಂಟು ಯಾವ ಭಾಗವನ್ನು ಸೂಚಿಸಿತ್ತೋ ಆ ಭಾಗವೇ ಮೂಲವಾಗಿತ್ತು.

ಆದರೆ ಈ ಅಂಕಿಗಳನ್ನು ತಿರುವುಮುರುವಾಗಿ ಓದಿಕೊಂಡು ಹೆದರುವವರು ಬಹಳ. ಬದುಕುಳಿದವರಲ್ಲಿ ಮೂರರಲ್ಲೊಬ್ಬರಿಗೆ ಗಂಟಿತ್ತು ಎಂದರೆ ಗಂಟಿದ್ದವರಲ್ಲಿ ಮೂರರಲ್ಲೊಬ್ಬರಿಗೆ ಅಪಾಯವೆಂದು ಅರ್ಥವಲ್ಲ. ಅದೇ ವರ್ಷ ಇಸ್ರೇಲಿನ ರೊಸ್ಸೊ ಮತ್ತು ಸಂಗಡಿಗರು ಹಾಕಿದ ಲೆಕ್ಕದಂತೆ, ಯುವ ವಯಸ್ಕರಲ್ಲಿ ಲಕ್ಷಕ್ಕೆ 3.4ರಷ್ಟಿರುವ ವೆಂಟ್ರಿಕ್ಯುಲರ್ ಫಿಬ್ರಿಲೇಷನ್‌ನ ಅಪಾಯ ಗಂಟು ಕಂಡರೆ ಲಕ್ಷಕ್ಕೆ 11ಕ್ಕೆ ಏರುತ್ತದೆ, ಅಷ್ಟೆ. ಫಿನ್ಲೆಂಡಿನಲ್ಲಿ 10,864 ನಡುವಯಸ್ಸಿನವರನ್ನು ಸರಾಸರಿ 30 ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಳಭಾಗದ ಲೀಡ್‌ಗಳಲ್ಲಿ ಏರಿಕೆ ಎರಡು ಮಿಲಿಮೀಟರು ದಾಟಿದ ಅತಿ ವಿರಳ ಮಂದಿಯಲ್ಲಿ ಅಪಾಯ ಎದ್ದುಕಾಣುವುದನ್ನು ತೋರಿಸಿತು. ಗಂಟಿನ ನಂತರ ಗೆರೆ ಸರಸರನೆ ಮೇಲೇರಿದರೆ ಚಿಂತೆಯಿಲ್ಲ, ಚಪ್ಪಟೆಯಾಗಿ ಸಾಗಿದರೆ ಅಥವಾ ಇಳಿದರೆ ಎಚ್ಚರ ಬೇಕು ಎಂಬ ವಿವೇಚನೆ 2011ರಲ್ಲಿ ಫಿನ್ಲೆಂಡಿನ ಅದೇ ತಂಡದಿಂದ ಬಂತು.

‘ಕಾರಣ ತಿಳಿಯದ್ದು’ ಎಂಬ ಹಣೆಪಟ್ಟಿಯನ್ನೂ ಆತುರದಿಂದ ಅಂಟಿಸಬಾರದು. ಕೆನಡಾದ ಕ್ಯಾಸ್ಪರ್ ಎಂಬ ರೋಗಿಗಳ ನೋಂದಣಿಯಲ್ಲಿ ಇಂಥ 63 ಮಂದಿಯನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ 35 ಮಂದಿಯಲ್ಲಿ ಕಾರಣ ಸಿಕ್ಕಿತು ಎಂದು 2009ರಲ್ಲಿ ವರದಿಯಾಯಿತು. ಒಮ್ಮೆ ಹೃದಯ ನಿಂತು ಬದುಕಿದವರಿಗೆ ಐಸಿಡಿ, ಅಂದರೆ ಲಯ ಕೆಟ್ಟೊಡನೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಪುಟ್ಟ ಸಾಧನ, ಅಳವಡಿಸುತ್ತಾರೆ. ಅದು ಮತ್ತೆ ಮತ್ತೆ ಆಘಾತ ಕೊಡಬೇಕಾಗಿ ಬಂದರೆ ಹಳೆಯ ಔಷಧ ಕ್ವಿನಿಡಿನ್ ನೆರವಿಗೆ ಬರುತ್ತದೆ. ಎಂದೂ ಮೂರ್ಛೆ ಹೋಗದ, ಮನೆತನದಲ್ಲಿ ಹಠಾತ್ ಸಾವು ಕಾಣದ ವ್ಯಕ್ತಿಯ ಇಸಿಜಿಯಲ್ಲಿ ಯಂತ್ರವು ‘ಅರ್ಲಿ ರೀಪೋಲರೈಸೇಷನ್’ ಎಂದು ಮುದ್ರಿಸಿದ್ದರೆ, ಅಷ್ಟಕ್ಕೇ ಯಾವ ಚಿಕಿತ್ಸೆಯೂ ಬೇಕಿಲ್ಲ.